ಮೂವತ್ತೇಳನೇ ಟ್ಯಾಂಕಿನ ನಿಲ್

ಏನೂ ಇಲ್ಲ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಹತ್ತಾರು ಪದಗಳಿವೆಯಂತೆ. ನಮ್ಮ ಆಫೀಸುಗಳು ಅವುಗಳಲ್ಲಿ ಒಂದನ್ನು ಆರಿಸಿ ಮನೆಮಗನ ಹಾಗೆ ಸಾಕಿಕೊಂಡಿವೆ. ಅದೇ ‘ನಿಲ್’. ಡಾಕ್ಟರು ಕೊಟ್ಟ ರಿಪೋರ್ಟಿನಲ್ಲಿ ನಿಲ್ ಎಂದಿದ್ದರೆ ಮನೆಗೆ ಸಿಹಿ ಕಟ್ಟಿಸಿಕೊಂಡು ಹೋಗಬಹುದು. ಗಣಿತದ ಉತ್ತರಪತ್ರಿಕೆಯಲ್ಲಿ ನಿಲ್ ಎಂದಿದ್ದರೆ ಮನೆಗೆ ಹೋಗದಿರುವುದೇ ಮೇಲು. ರಜೆಯ ಅರ್ಜಿ ಹಿಡಿದು ಹೋದವನಿಗೆ ಗುಮಾಸ್ತರು ತಲೆ ಎತ್ತದೆ ನಿಲ್ ಎಂದರೆ, ಅವನ ಭಾವಮೈದುನನ ಮದುವೆ ಅವನಿಲ್ಲದೆಯೇ ನಡೆಯುತ್ತದೆ. ಫುಟ್‌ಬಾಲಿನಲ್ಲಿ ಎರಡೂ ಕಡೆ ನಿಲ್ ಆದರೆ ಇಪ್ಪತ್ತೆರಡು ಜನ ಒಂದೂವರೆ ಗಂಟೆ ಸುಮ್ಮನೆ ಓಡಾಡಿದರು ಎಂದು ಅರ್ಥ.

ಆದರೆ ನಿಲ್‌ನ ನಿಜವಾದ ವೈಭವವನ್ನು ನೋಡಬೇಕಾದರೆ ನೀರು ಸರಬರಾಜು ಇಲಾಖೆಗೆ ಹೋಗಬೇಕು. ಅಲ್ಲಿ ಏನಾದರೂ ಆದರೆ ವರದಿ ಕೊಡಬೇಕು. ಏನೂ ಆಗದಿದ್ದರೆ, ಏನೂ ಆಗಲಿಲ್ಲವೆಂದು ವರದಿ ಕೊಡಬೇಕು. ಎರಡನೆಯದು ತಪ್ಪಿದರೆ ಮೊದಲನೆಯದು ಆಯಿತೆಂದೇ ಲೆಕ್ಕ.

ಆ ಇಲಾಖೆಯಲ್ಲಿ ಹದಿನೇಳನೇ ನಂಬರಿನ ಒಂದು ಫಾರಂ ಇದೆ. ಹಿಂದೊಮ್ಮೆ ಯಾವುದೋ ಟ್ಯಾಂಕಿಗೆ ಮೇಸ್ತ್ರಿಯೊಬ್ಬನ ಕೊಡೆ ಬಿದ್ದಿತ್ತು. ಮೇಲಿನಿಂದ ಇಣುಕಿದವರು ಅದನ್ನು ಮೇಸ್ತ್ರಿಯೇ ಎಂದುಕೊಂಡು, ಅವನ ಹೆಂಡತಿಗೆ ಸುದ್ದಿ ಮುಟ್ಟಿಸಿ, ದೊಡ್ಡ ರಂಪವಾಗಿತ್ತು. ಅಂದಿನಿಂದ ಊರಿನ ಐವತ್ತೆರಡು ಟ್ಯಾಂಕುಗಳಿಂದಲೂ ತಿಂಗಳಿಗೊಂದು ವರದಿ ಹೋಗುತ್ತದೆ. ‘ಈ ತಿಂಗಳಲ್ಲಿ ಟ್ಯಾಂಕಿಗೆ ಬಿದ್ದವರ ಸಂಖ್ಯೆ’ ಎಂಬುದರ ಮುಂದೆ ಒಂದು ಗೆರೆ. ಗೆರೆಯ ಮೇಲೆ ನಿಲ್ ಎಂದು ಬರೆದು ಸಹಿ ಹಾಕಿ ಅಂಚೆಗೆ ಹಾಕಿದರೆ ಮುಗಿಯಿತು.

ಮೂವತ್ತೇಳನೇ ಟ್ಯಾಂಕಿನಲ್ಲಿ ನೀರು ಬಿಡುವ ಕೆಲಸದವರೊಬ್ಬರು ಹನ್ನೊಂದು ವರ್ಷಗಳಿಂದ ಈ ಗೆರೆಯನ್ನು ತುಂಬುತ್ತ ಬಂದಿದ್ದರು. ಅವರಿಗೂ ಒಂದು ಹೆಸರಿತ್ತು, ಆದರೆ ಬಳಕೆಯಲ್ಲಿರಲಿಲ್ಲ. ಹೆಡ್ಡಾಫೀಸಿನಲ್ಲಿ ಅವರು ‘ಮೂವತ್ತೇಳು’. ಬೀದಿಯಲ್ಲಿ, ಮಾತಿಗೆ ಬಂದರೆ, ‘ನೀರಿನವನು’. ಮಾತಿಗೆ ಬರುವುದೇ ಅಪರೂಪವಾಗಿತ್ತು. ಮದುವೆಯಾಗಿರಲಿಲ್ಲ. ಪಕ್ಕದೂರಿನಲ್ಲಿ ಒಬ್ಬ ಅಕ್ಕ ಇದ್ದರು. ಮಕ್ಕಳ ಮದುವೆಗೆ ಇವರನ್ನು ಕರೆಯಬೇಕಿತ್ತೆಂದು ಮದುವೆ ಮುಗಿದ ಮೇಲೆ ನೆನಪು ಮಾಡಿಕೊಳ್ಳುತ್ತಿದ್ದರು. ಟ್ಯಾಂಕಿನ ಬುಡದಲ್ಲಿ ಇಲಾಖೆಯ ಒಂದೇ ಕೋಣೆಯ ಮನೆ. ಬೀದಿಯ ಕಡೆಗೆ ಅದರ ಬೆನ್ನು. ಬೆಳಕು ಹರಿಯುವ ಮೊದಲೇ ವಾಲ್ವ್ ತಿರುಗಿಸಿ, ಎಂಬತ್ತೆಂಟು ಮೆಟ್ಟಿಲ ಏಣಿ ಹತ್ತಿ ಮಟ್ಟ ನೋಡಿ ಬರುವುದು ಅವರ ಕೆಲಸ. ಬೇಗ ಏಳುವ ಒಬ್ಬಿಬ್ಬರು ಕೆಳಗಿನಿಂದ ತಲೆಯೆತ್ತಿದರೆ ಕಾಣುತ್ತಿದ್ದದ್ದು ಎರಡು ಅಂಗಾಲು ಮತ್ತು ಒಂದು ಖಾಕಿ ಟೋಪಿ. ಅಷ್ಟರಿಂದ ಮನುಷ್ಯನ ಪರಿಚಯವಾಗುವುದು ಕಷ್ಟ.

ಒಂದು ತಿಂಗಳ ಕೊನೆಗೆ ಅವರಿಗೆ ಜ್ವರ ಬಂತು. ಹತ್ತು ದಿನ ಗಂಜಿ ಕಾಯಿಸಿಕೊಂಡು, ನಡುಗುತ್ತಲೇ ವಾಲ್ವ್ ತಿರುಗಿಸಿ, ಮತ್ತೆ ಕಂಬಳಿಯೊಳಗೆ ಸೇರುತ್ತಿದ್ದರು. ಯಾರೂ ಬರಲಿಲ್ಲ. ಜ್ವರದ ವಿಷಯ ಯಾರಿಗೂ ಗೊತ್ತಿರಲಿಲ್ಲ, ನೀರು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತಲ್ಲ. ಜ್ವರ ಬಿಟ್ಟಾಗ ವರದಿಯ ದಿನ ದಾಟಿಹೋಗಿತ್ತು. ತಪ್ಪಾಯಿತಲ್ಲ ಎಂದು ಗಾಬರಿಯಿಂದ ಫಾರಂ ಹುಡುಕುತ್ತಿರುವಾಗಲೇ ಅಂಚೆಯವರು ಬಾಗಿಲು ತಟ್ಟಿದರು.

“ಇಲ್ಲಿ ಮನೆ ಇರೋದೇ ಗೊತ್ತಿರ್ಲಿಲ್ಲ ನೋಡಿ. ಮೂರು ಸುತ್ತು ಹಾಕಿದೆ,” ಎಂದು ಒಂದು ಕವರು ಕೊಟ್ಟು ಹೋದರು.

ಒಳಗೆ ಜ್ಞಾಪನ ಪತ್ರ. ‘ತಮ್ಮಿಂದ ಈ ತಿಂಗಳ ವರದಿ ಬಾರದಿರುವುದನ್ನು ಗಮನಿಸಲಾಗಿದೆ. ಕಾರಣವೇನೆಂದು ಕೂಡಲೇ ತಿಳಿಸತಕ್ಕದ್ದು.’ ಕೆಳಗೆ ಹೆಡ್ ಕ್ಲರ್ಕರ ಸಹಿ.

ನೀರಿನವರು ಅದನ್ನು ನಿಂತು ಓದಿದರು, ಕೂತು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಗಮನಿಸಲಾಗಿದೆ! ನೂರಾ ಮೂವತ್ತೆರಡು ನಿಲ್ ಕಳಿಸಿದ್ದಾಗ ಯಾರೂ ತಲುಪಿತು ಎಂದು ಕೂಡ ಹೇಳಿರಲಿಲ್ಲ. ಒಂದು ನಿಲ್ ಹೋಗದಿದ್ದದ್ದು ಎಂಟೇ ದಿನದಲ್ಲಿ ಗೊತ್ತಾಗಿದೆ. ಹುಡುಕುತ್ತಿದ್ದ ಫಾರಂ ಅಷ್ಟರಲ್ಲಿ ಸಿಕ್ಕಿತು. ಅದನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದರು. ಸರ್ಕಾರಿ ನೌಕರನೊಬ್ಬ ಹೀಗೆ ಮಾಡಬಾರದು, ನಾನು ಸಮರ್ಥಿಸುವುದಿಲ್ಲ. ಆದರೆ ಬಾಗಿಲು ತಟ್ಟುವ ಸದ್ದಿಗಾಗಿ ಹನ್ನೊಂದು ವರ್ಷ ಕಾದವರು ಬೇಕಾದರೆ ಅವರನ್ನು ಬೈಯಲಿ.

ಐದು ದಿನಕ್ಕೆ ಎರಡನೇ ಪತ್ರ ಬಂತು. ‘ಮೊದಲ ಪತ್ರಕ್ಕೂ ಉತ್ತರವಿಲ್ಲದಿರುವುದು ಆತಂಕ ಉಂಟುಮಾಡಿದೆ.’ ಅವರ ವಿಷಯದಲ್ಲಿ ಕೊನೆಯದಾಗಿ ಆತಂಕಪಟ್ಟವರು ಅವರ ತಾಯಿ, ಅವರು ಹೋಗಿ ಎಷ್ಟೋ ಕಾಲವಾಗಿತ್ತು. ಪತ್ರವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು. ಇನ್ನೈದು ದಿನಕ್ಕೆ ಮೂರನೆಯದು. ‘ವರದಿ ತಡವಾದರೂ ಸರಿ, ತಾವು ಕ್ಷೇಮವೆಂಬುದನ್ನಾದರೂ ಮರುಟಪಾಲಿನಲ್ಲಿ ತಿಳಿಸತಕ್ಕದ್ದು.’ ಇದಕ್ಕೆ ಉತ್ತರ ಕೊಡಲೇಬೇಕೆಂದು ಪೆನ್ನು ತೆಗೆದು, ‘ಕ್ಷೇಮ’ ಎಂದು ಬರೆದು, ಅಲ್ಲಿಗೇ ನಿಲ್ಲಿಸಿದರು. ಕಳಿಸಿದರೆ ನಾಲ್ಕನೆಯದು ಬರುವುದಿಲ್ಲ. ಆ ಕಾಗದವೂ ಟ್ರಂಕಿಗೆ ಹೋಯಿತು.

ಅತ್ತ ಹೆಡ್ಡಾಫೀಸಿನಲ್ಲಿ ಹೆಡ್ ಕ್ಲರ್ಕ್ ಮೇಡಂ ಐವತ್ತೊಂದು ನಿಲ್‌ಗಳನ್ನು ಮುಂದೆ ಹರಡಿಕೊಂಡು ಕೂತಿದ್ದರು. ರೆಕಾರ್ಡು ರೂಮಿನ ಮೂಲೆಯಲ್ಲಿ ಅವರ ಟೇಬಲ್ಲು. ಎಲ್ಲ ಟ್ಯಾಂಕುಗಳ ನಿಲ್ ಕೂಡಿಸಿ, ಒಟ್ಟು ನಿಲ್ ಎಂದು ಮೇಲಕ್ಕೆ ಕಳಿಸುವುದು ಅವರ ಕೆಲಸ. ಕೊನೆಗೆ ಇಂಜಿನಿಯರ್ ಸಾಹೇಬರ ಬಳಿಗೆ ಹೋದರು. ಸಾಹೇಬರು ಬಂದು ಎರಡು ವಾರವಾಗಿತ್ತು.

“ಸಾರ್, ಈ ತಿಂಗಳು ಒಟ್ಟು ಹಾಕೋಕೆ ಆಗ್ತಿಲ್ಲ.”

“ಎಲ್ಲಾ ನಿಲ್ ತಾನೇ? ಒಟ್ಟು ನಿಲ್ ಅಂತ ಹಾಕಿ.”

“ಐವತ್ತೊಂದು ನಿಲ್ ಕೂಡಿದ್ರೆ ಐವತ್ತೊಂದು ಟ್ಯಾಂಕಿನ ನಿಲ್ ಆಗುತ್ತೆ ಸಾರ್. ಐವತ್ತೆರಡರ ನಿಲ್ ಹೇಗಾಗುತ್ತೆ?”

“ಅಯ್ಯೋ, ಒಂದು ನಿಲ್ ನನ್ನ ಕಡೆಯಿಂದ ಸೇರಿಸ್ಕೊಳ್ಳಿ.”

“ನೀವು ಆ ಟ್ಯಾಂಕನ್ನ ನೋಡಿದ್ದೀರಾ ಸಾರ್?”

ಸಾಹೇಬರು ಟ್ಯಾಂಕುಗಳನ್ನು ನಕ್ಷೆಯಲ್ಲಿ ನೋಡಿದ್ದರು. ಮೇಡಂ ತಮ್ಮ ಜಾಗಕ್ಕೆ ಬಂದು, ರಿಜಿಸ್ಟರಿನಲ್ಲಿ ಮೂವತ್ತೇಳನೇ ಟ್ಯಾಂಕಿಗೆ ಹತ್ತಿರದ ಫೋನು ಯಾವುದೆಂದು ಹುಡುಕಿ, ಆ ಬೀದಿಯ ಟೈಲರ್ ಅಂಗಡಿಗೆ ಫೋನ್ ಮಾಡಿದರು. ಟೈಲರು ಆಗಷ್ಟೇ ಒಂದು ಲೋಟ ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದರು.

“ನೀರಿನ ಇಲಾಖೆಯಿಂದ ಮಾತಾಡ್ತಿದ್ದೀನಿ. ನಿಮ್ಮ ಬೀದಿ ಟ್ಯಾಂಕಿಗೆ ಯಾರಾದ್ರೂ ಬಿದ್ದಿದ್ದಾರಾ?”

“ಬಿ... ಬಿದ್ದಿದ್ದಾರಾ?”

“ಅದನ್ನೇ ನಾನು ಕೇಳ್ತಿರೋದು. ಅಲ್ಲಿ ಕೆಲಸ ಮಾಡೋರನ್ನ ಕೊನೇ ಸಲ ಯಾವಾಗ ನೋಡಿದ್ರಿ?”

“ಯಾರನ್ನ?”

“ನೀರು ಬಿಡೋರನ್ನ ರೀ!”

ಟೈಲರು ಯೋಚಿಸಿದರು. “ನೀರು ಬರುತ್ತೆ ಮೇಡಂ. ಬಿಡೋರನ್ನ ನಾವ್ಯಾರೂ ನೋಡಿಲ್ವಲ್ಲ.”

ಆ ಕಡೆಯಿಂದ ಫೋನ್ ಕಟ್ಟಾಯಿತು.

ಮೇಡಂ ಜೀಪು ಕೇಳಲು ಸಾಹೇಬರ ಕೋಣೆಗೆ ಓಡುವ ಹೊತ್ತಿಗೆ, ಇಲ್ಲಿ ಟೈಲರು ಬೀದಿಗೆ ಓಡಿ ಬಂದಿದ್ದರು. ಹದಿನಾಲ್ಕು ಮನೆಗಳ ನಲ್ಲಿಗಳು ಬಂದಾದವು. ಒಲೆಯ ಮೇಲಿದ್ದ ಸಾರು ಮೋರಿ ಸೇರಿತು. ಟೈಲರು ಅರ್ಧ ಹೊಲಿದ ಪ್ಯಾಂಟೊಂದನ್ನು ಕುತ್ತಿಗೆಗೆ ಹಾಕಿಕೊಂಡೇ ವಾಂತಿ ಮಾಡಲು ಪ್ರಯತ್ನಿಸಿದರು, ಬರಲಿಲ್ಲ.

“ಮೂರು ದಿನದಿಂದ ನೀರು ಒಗರಾಗಿತ್ತು,” ಎಂದರು ಟೈಲರ ಹೆಂಡತಿ.

“ನನಗೇನೋ ಈಚೆಗೆ ರುಚಿಯಾಗಿದೆ ಅನ್ನಿಸಿತ್ತು,” ಎಂದರು ನಿವೃತ್ತ ಮೇಷ್ಟ್ರು. ಎಲ್ಲರೂ ತಮ್ಮನ್ನೇ ನೋಡಿದ್ದರಿಂದ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಬೀದಿಗೆ ಬೀದಿಯೇ ಟ್ಯಾಂಕಿನ ಗೇಟಿಗೆ ಬಂದು ನಿಂತಿತು. ಗದ್ದಲ ಕೇಳಿ ನೀರಿನವರು ಕಿಟಕಿಯಿಂದ ನೋಡಿದರು. ಅವರ ಗೇಟಿನಲ್ಲಿ ಜನ! ಕಾರಣ ಕೇಳುವುದಕ್ಕೂ ಹೋಗಲಿಲ್ಲ. ಇದ್ದುದರಲ್ಲಿ ಒಳ್ಳೆಯ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿ, ಸ್ಟವ್ ಹೊತ್ತಿಸಿ ಟೀ ಇಟ್ಟರು. ಮನೆಯಲ್ಲಿ ಆರು ಲೋಟಗಳಿದ್ದವು, ಐದಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಟೀ ಕುದಿಯುವಷ್ಟರಲ್ಲಿ ಜೀಪು ಬಂದು, ಸಾಹೇಬರೂ ಎದೆಗೆ ಒಂದು ದಪ್ಪ ಫೈಲು ಅವುಚಿಕೊಂಡ ಮೇಡಮ್ಮೂ ಇಳಿದರು.

“ನೀರಿನವನೆಲ್ಲಿ?” ಎಂದು ಸಾಹೇಬರು ಗದರಿದರು. “ಮೊದಲು ಅವನನ್ನ ಕರೀರಿ. ಸುಳ್ಳು ವರದಿ ಕೊಟ್ಟಿದ್ರೂ ಕೆಲಸ ಹೋಗುತ್ತೆ, ವರದಿ ಮುಚ್ಚಿಟ್ಟಿದ್ರೂ ಕೆಲಸ ಹೋಗುತ್ತೆ!”

ಟ್ರೇ ಹಿಡಿದು ಅವರ ಪಕ್ಕಕ್ಕೇ ಬಂದಿದ್ದ ನೀರಿನವರು ‘ನಾನೇ’ ಎನ್ನಲು ಹೋದದ್ದನ್ನು ನುಂಗಿಕೊಂಡರು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಟ್ರೇಯನ್ನು ಮಾತ್ರ ಮುಂದೆ ಚಾಚಿದರು. ಬಿಳಿ ಅಂಗಿಯ ಈ ಮನುಷ್ಯ ಜೀಪಿನಲ್ಲಿ ಬಂದ ಜವಾನನೆಂದು ಬೀದಿಯವರು ತಿಳಿದರು. ಬೀದಿಯ ಹೋಟೆಲಿನವನೆಂದು ಸಾಹೇಬರು ತಿಳಿದರು.

“ಯಾವ ನೀರಿನಲ್ಲಿ ಮಾಡಿದ್ದು ಇದು?” ಎಂದರು ಮೇಷ್ಟ್ರು.

“ಇದೇ ಟ್ಯಾಂಕಿನದು,” ಎಂಬ ಉತ್ತರ ಬಂದದ್ದೇ ತಡ, ಜನ ಟ್ರೇಯಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರು. ನೀರಿನವರು ಗುಂಪಿನ ನಡುವೆ ಓಡಾಡುತ್ತ “ತಗೊಳ್ಳಿ, ತಗೊಳ್ಳಿ” ಎಂದರೆ ಗುಂಪು ಎರಡಾಗಿ ಒಡೆದು ದಾರಿ ಬಿಡುತ್ತಿತ್ತು.

ಟ್ಯಾಂಕಿನೊಳಗೆ ಇಣುಕಿ ನೋಡಬಹುದಲ್ಲ ಎಂದು ಯಾರೋ ಸೂಚಿಸಿದರು. ಸಾಹೇಬರು ಎಂಬತ್ತೆಂಟು ಮೆಟ್ಟಿಲನ್ನೂ ತಮ್ಮ ಮಂಡಿಗಳನ್ನೂ ನೋಡಿಕೊಂಡು, ತಾವು ಬಂದದ್ದು ತನಿಖೆಗೇ ಹೊರತು ಹತ್ತುವುದಕ್ಕಲ್ಲ ಎಂದರು. ಬೀದಿಯಲ್ಲಿ ಯಾರು ಕಡಿಮೆ ಬೀಳುತ್ತಾರೋ ಅವರೇ ಬಿದ್ದವರು. ಆದ್ದರಿಂದ ಹಾಜರಿ ತೆಗೆಯಬೇಕು. ಮೇಷ್ಟ್ರು ಹತ್ತು ವರ್ಷ ಎಳೆಯವರಾದರು. ಮನೆಯಿಂದ ಹಳೇ ಹಾಜರಿ ಪುಸ್ತಕ ತಂದು, ಖಾಲಿ ಹಾಳೆಯಲ್ಲಿ ಬೀದಿಯವರ ಹೆಸರು ಬರೆದು, ಬೀದಿಯನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಸರನ್ನೂ ಕೂಗಿದರು. ಎಂಬತ್ತು ದಾಟಿದ ಅಜ್ಜಿ ಕೂಡ ಕೋಲೂರಿಕೊಂಡು “ಹಾಜರ್” ಎಂದರು. ಟೈಲರು ತಮ್ಮ ಅತ್ತೆ ಕಾಣುತ್ತಿಲ್ಲವೆಂದು ದೂರು ಕೊಟ್ಟರು, ದನಿಯಲ್ಲಿ ತಕ್ಕಷ್ಟು ದುಃಖವಿರಲಿಲ್ಲ.

“ಅಮ್ಮ ಅಕ್ಕನ ಮನೆಗೆ ಹೋಗಿರೋದು ನಿಮಗೆ ಗೊತ್ತಿಲ್ವಾ?” ಎಂದರು ಹೆಂಡತಿ.

“ತಲುಪಿದ್ರು ಅಂತ ಏನು ಗ್ಯಾರಂಟಿ?”

“ನಿನ್ನೆ ನಿಮ್ಮನ್ನ ಬೈದು ಫೋನ್ ಮಾಡಿದ್ರಲ್ಲ, ಅದಕ್ಕಿಂತ ಗ್ಯಾರಂಟಿ ಬೇಕಾ?”

ಅತ್ತೆಯೂ ಹಾಜರಾದರು. ಅರವತ್ತನಾಲ್ಕಕ್ಕೆ ಅರವತ್ತನಾಲ್ಕೂ ಸರಿಹೋಯಿತು. ಕಾಣೆಯಾದವರು ನಿಲ್ ಎಂದು ಮೇಷ್ಟ್ರು ಘೋಷಿಸಿದರು. ಬೀದಿ ಚಪ್ಪಾಳೆ ತಟ್ಟಿತು.

“ನೀರಿನವರು?” ಎಂದರು ಮೇಡಂ.

ಮೇಷ್ಟ್ರು ಪುಸ್ತಕ ತಿರುವಿದರು. “ಆತನ ಹೆಸರು ಇದರಲ್ಲಿಲ್ಲ. ಆತ ಬೀದಿಯವನಲ್ಲವಲ್ಲ, ಇಲಾಖೆಯವನು.”

“ಇಲಾಖೆಯಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ,” ಎಂದು ಸಾಹೇಬರು ಮೆಲ್ಲಗೆ ಹೇಳಿದರು. “ಹಾಗಾದ್ರೆ...” ಎಂದು ತಲೆಯೆತ್ತಿ ಟ್ಯಾಂಕನ್ನು ನೋಡಿದರು. ಬೀದಿಯೂ ತಲೆಯೆತ್ತಿತು. ನೀರಿನವರೂ ಎಲ್ಲರೂ ನೋಡುತ್ತಾರಲ್ಲ ಎಂದು ತಲೆಯೆತ್ತಿದರು.

ಟೈಲರು ಕುತ್ತಿಗೆಯ ಪ್ಯಾಂಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಒಳ್ಳೇ ಮನುಷ್ಯ. ಎತ್ತರದ ಆಳು.”

“ಎತ್ತರ ಟ್ಯಾಂಕು ರೀ. ಆತ ಕುಳ್ಳ,” ಎಂದರು ಮೇಷ್ಟ್ರು. “ತಲೆ ಬೋಳು.”

“ಯಾವಾಗಲೂ ಟೋಪಿ ಇರ್ತಿತ್ತು. ಬೋಳು ಅಂತ ಹೇಗೆ ಗೊತ್ತಾಯ್ತು?”

“ಬೋಳಿಲ್ಲದೆ ಅಷ್ಟು ಹೊತ್ತಿಗೆ ಟೋಪಿ ಯಾಕೆ ಹಾಕ್ತಾನೆ?”

“ನಿಮ್ಮ ಮನೆಗಳಿಗೆ ಬರ್ತಿದ್ರಾ?” ಎಂದರು ಮೇಡಂ.

“ಒಂದ್ಸಲ ಊಟಕ್ಕೆ ಕರೀಬೇಕು ಅಂತ ಇವರ ಹತ್ರ ಹೇಳ್ತಾನೇ ಇದ್ದೆ,” ಎಂದರು ಟೈಲರ ಹೆಂಡತಿ.

“ಯಾವಾಗ?”

“ಯಾವಾಗ್ಲಾದ್ರೂ.”

ನೀರಿನವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ತಮಗೆ ಸಂತಾಪ ಸೂಚಿಸಲು ಇಷ್ಟು ಜನ ಸೇರಬಹುದೆಂದು ಅವರು ಅಂದುಕೊಂಡಿರಲಿಲ್ಲ. ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲವೆಂದೂ ಅನ್ನಿಸಿರಬೇಕು.

“ಹೆಸರೇನು ಆತನದು?” ಎಂದು ಸಾಹೇಬರು ಕೇಳಿದಾಗ ಅಲ್ಲಿದ್ದ ಅರವತ್ತಮೂರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೇಡಂ ಫೈಲು ತೆರೆದರು. ನೋಡಿ ಹೇಳಬೇಕಾಗಿರಲಿಲ್ಲ, ಆದರೂ ತೆರೆದರು. ಹೆಸರು ಹೇಳಿದರು. ಆ ಬೀದಿಯಲ್ಲಿ ಅದು ಗಟ್ಟಿಯಾಗಿ ಕೇಳಿಸಿದ್ದು ಅದೇ ಮೊದಲು. ಟ್ರೇಯಲ್ಲಿದ್ದ ಲೋಟಗಳು ಗಲಗಲ ಎಂದವು.

“ಅವರನ್ನ ನಾನೂ ನೋಡಿಲ್ಲ ಸಾರ್,” ಎಂದು ಮೇಡಂ ಫೈಲಿನ ಹಾಳೆ ತಿರುವಿದರು. “ಇಷ್ಟೂ ಅವರ ನಿಲ್‌ಗಳು. ಇದು ಕೈನೋವಿದ್ದ ತಿಂಗಳು, ಅಕ್ಷರ ನೋಡಿ, ವಾಲ್ತಾ ಇದೆ. ಇಲ್ಲಿ ಇಂಕು ಖಾಲಿಯಾಗಿ ಪೆನ್ಸಿಲ್ ಹಿಡಿದಿದ್ದಾರೆ. ಈ ತಿಂಗಳು ಎರಡು ಕಳಿಸಿದ್ದಾರೆ, ಟಪಾಲಿನಲ್ಲಿ ಒಂದು ಕಳೆದುಹೋದ್ರೆ ಇನ್ನೊಂದಿರಲಿ ಅಂತ. ಉಳಿದ ಐವತ್ತೊಂದು ಜನ ಗೀಚಿ ಕಳಿಸ್ತಾರೆ ಸಾರ್. ಇವರದು ಬರಲಿಲ್ಲ ಅಂದಾಗಲೇ ನನಗೆ ಗೊತ್ತಾಯ್ತು. ಟ್ಯಾಂಕಿನ ಹತ್ರ ಹೋಗೋರು ಅವರೊಬ್ಬರೇ. ಬಿದ್ರೆ ಅವರೇ ಬೀಳಬೇಕು. ಅವರು ಬಿದ್ರೆ ಬರೆದು ತಿಳಿಸೋಕೆ ಯಾರಿದ್ದಾರೆ ಹೇಳಿ.”

ಸಾಹೇಬರು ಟೋಪಿ ಇಲ್ಲದಿದ್ದರೂ ಅದನ್ನು ತೆಗೆಯುವವರಂತೆ ತಲೆಯ ಮೇಲೆ ಕೈಯಾಡಿಸಿದರು. ಆಗ ಅಜ್ಜಿ ಕೋಲು ಕುಟ್ಟಿದರು.

“ಅಲ್ಲಪ್ಪಾ, ಸತ್ತೋನು ಇವತ್ತು ಬೆಳಿಗ್ಗೆ ನೀರು ಹೇಗೆ ಬಿಟ್ಟ? ನಾನು ಎರಡು ಬಿಂದಿಗೆ ಹಿಡಿದಿಟ್ಟಿದ್ದೀನಿ.”

ಅರವತ್ತಮೂರು ತಲೆಗಳು ಲೆಕ್ಕ ಹಾಕತೊಡಗಿದವು. ನಿನ್ನೆಯೂ ಬಂದಿತ್ತು. ಮೊನ್ನೆಯೂ ಬಂದಿತ್ತು.

“ನಾನೇ ಬಿಟ್ಟಿದ್ದು ಅಜ್ಜಿ,” ಎಂದರು ಟ್ರೇ ಹಿಡಿದವರು.

ಗದ್ದಲವೋ ಗದ್ದಲ. ಮೇಷ್ಟ್ರು ಒಪ್ಪಲಿಲ್ಲ, ಈತನ ತಲೆಯಲ್ಲಿ ಕೂದಲಿದೆ ಎಂದು ಪಟ್ಟು ಹಿಡಿದರು. ಟೈಲರು ಎತ್ತರ ಸಾಲದೆಂದರು. ಮೇಡಂ ಮಾತ್ರ ಫೈಲಿನಿಂದ ಒಂದು ಹೊಸ ಫಾರಂ ತೆಗೆದು, ಪೆನ್ನಿನ ಜೊತೆ ಅವರ ಮುಂದೆ ಹಿಡಿದರು. ನೀರಿನವರು ಟ್ರೇಯನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು, ಅಂಗಿಗೆ ಕೈ ಒರೆಸಿಕೊಂಡು, ಗೆರೆಯ ಮೇಲೆ ನಿಲ್ ಎಂದು ಬರೆದರು. ಮೇಡಂ ಅದನ್ನು ಹಳೆಯ ಹಾಳೆಯ ಪಕ್ಕ ಇಟ್ಟು ನೋಡಿದರು.

“ಇವರೇ,” ಎಂದು ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡರು. ಬಾನೆಟ್ಟಿನ ಮೇಲಿನ ಒಂದು ಲೋಟ ತೆಗೆದು, ಬೀದಿಯೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ, ಆರಿದ ಟೀಯನ್ನು ಪೂರ್ತಿ ಕುಡಿದರು.

ಸಾಹೇಬರ ದುಃಖ ಕೋಪಕ್ಕೆ ತಿರುಗಿತು. “ಬದುಕಿದ್ದೂ ಯಾಕ್ರೀ ಕಳಿಸಲಿಲ್ಲ? ಮೂರು ಪತ್ರ ಬರೆದಿದ್ದಾರೆ!”

“ಕಳಿಸಿದಾಗ ಯಾರೂ ಬರೀತಿರಲಿಲ್ಲ ಸಾರ್.”

“ಅಂದ್ರೆ?”

“ಕಳಿಸದೇ ಇದ್ದಾಗ ಕ್ಷೇಮವಾ ಅಂತ ಕೇಳಿದ್ರು ಸಾರ್. ಉತ್ತರ ಕೊಟ್ರೆ ಮತ್ತೆ ಕೇಳಲ್ಲ ಅಂತ... ತಪ್ಪಾಯ್ತು.”

ಸಾಹೇಬರಿಗೆ ಇದಕ್ಕೆ ಯಾವ ನಿಯಮ ಅನ್ವಯಿಸುತ್ತದೆಂದು ಹೊಳೆಯಲಿಲ್ಲ. ಕೆಲಸದಿಂದ ತೆಗೆಯೋಣವೆಂದರೆ ವರದಿ ಈಗ ಕೈಸೇರಿತ್ತು. ಸುಳ್ಳೆನ್ನೋಣವೆಂದರೆ ಯಾರೂ ಬಿದ್ದಿರಲಿಲ್ಲ. ಆದರೂ ಬೀದಿಯ ಮುಂದೆ ಏನಾದರೂ ಮಾಡಲೇಬೇಕಿತ್ತು. ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. “ಇನ್ನು ಮೇಲೆ ನಿಮಗೆ ಟಪಾಲಿನ ಸೌಲಭ್ಯ ಇಲ್ಲ. ಪ್ರತಿ ತಿಂಗಳು ಒಂದನೇ ತಾರೀಕು ಖುದ್ದಾಗಿ ಹೆಡ್ಡಾಫೀಸಿಗೆ ಬಂದು, ಇವರ ಮುಂದೆ ಕೂತು, ನಿಲ್ ಬರೆದುಕೊಟ್ಟು ಹೋಗಬೇಕು. ಅದೇ ಶಿಕ್ಷೆ!”

ಇಲಾಖೆಯ ಇತಿಹಾಸದಲ್ಲಿ ಇಂಥ ಕಠಿಣ ಶಿಕ್ಷೆ ಇನ್ನೊಂದಿಲ್ಲವೆಂದು ಮೇಷ್ಟ್ರು ಅಭಿಪ್ರಾಯಪಟ್ಟರು. ಯಾರೂ ಬಿದ್ದಿಲ್ಲವೆಂದು ಖಾತ್ರಿಯಾದ ಮೇಲೆ ಬೀದಿಯವರಿಗೆ ಅಲ್ಲಿ ನಿಲ್ಲುವ ಕೆಲಸವಿರಲಿಲ್ಲ. ಮೋರಿಗೆ ಸುರಿದ ಸಾರನ್ನು ಮತ್ತೆ ಮಾಡಬೇಕಿತ್ತು. “ಒಂದಿನ ಬನ್ನಿ ಮನೆಗೆ,” ಎಂದು ಟೈಲರು ಯಾವ ದಿನವೆಂದು ಹೇಳದೆ ಹೋದ ಮೇಲೆ, ಐದು ನಿಮಿಷದಲ್ಲಿ ಗೇಟು ಎಂದಿನ ಹಾಗಾಯಿತು.

ಸಾಹೇಬರು ಜೀಪು ಹತ್ತಿ ಕೂತಿದ್ದರು. ಮೇಡಂ ಫೈಲಿಗೆ ದಾರ ಸುತ್ತುತ್ತ ಹಿಂದುಳಿದರು.

“ಒಂದನೇ ತಾರೀಕು ಮಧ್ಯಾಹ್ನ ಒಂದು ಗಂಟೆಗೆ ಬನ್ನಿ,” ಎಂದರು ತಗ್ಗಿದ ದನಿಯಲ್ಲಿ. “ಆ ಹೊತ್ತಿಗೆ ಎಲ್ಲರೂ ಗುಂಪು ಕಟ್ಟಿಕೊಂಡು ಊಟಕ್ಕೆ ಹೋಗ್ತಾರೆ. ನನ್ನ ಟೇಬಲ್ ಹತ್ರ ಯಾರೂ ಇರಲ್ಲ.”

ಜೀಪು ತಿರುವು ದಾಟುವವರೆಗೂ ನೀರಿನವರು ನಿಂತಿದ್ದರು. ಆಮೇಲೆ ಒಳಗೆ ಬಂದು ಕ್ಯಾಲೆಂಡರಿನ ಮುಂದೆ ನಿಂತು, ಬೆರಳಿಟ್ಟು ಎಣಿಸಿ, ಈ ತಿಂಗಳಿಗೆ ಮೂವತ್ತೊಂದು ದಿನ ಇಟ್ಟವರು ಯಾರೇ ಆಗಿರಲಿ, ಅವರನ್ನು ಬಾಯಿತುಂಬ ಬೈದರು.